ಉಳಿದ ತಂಪು

ಗುರುವಾರ ಚುಚ್ಚುಮದ್ದಿನ ದಿನ.
ಗಾಳಿಬೀಡಿನ ಉಪಕೇಂದ್ರದಲ್ಲಿ ಹನ್ನೊಂದು ಕೂಸು ಅತ್ತು ಹೋದ ಮೇಲೆ
ಲಸಿಕೆಯ ನೀಲಿ ಪೆಟ್ಟಿಗೆಯಲ್ಲಿ ಉಳಿಯುವುದು
ಅರ್ಧ ಕರಗಿದ ನಾಲ್ಕು ಐಸ್‌ಪ್ಯಾಕು.
ಅವನ್ನು ಹಿತ್ತಿಲಿಗೆ ಒಯ್ಯುತ್ತೇನೆ,
ಮೊಣಕಾಲೆತ್ತರದ ಒಂದು ಪೊದೆಯ ಬುಡಕ್ಕೆ ಒರಗಿಸುತ್ತೇನೆ.
ಬೆಳಿಗ್ಗೆ ಏಳಕ್ಕೆ ಎತ್ತಿ, ತೊಳೆದು, ಒಳಗೆ.
ಮೇಲಿನವರಿಗೆ ಗೊತ್ತಾದರೆ ನೋಟೀಸು.

ತಮ್ಮ ಉತ್ತಯ್ಯ ಲೇಹ್‌ನಿಂದ ತಂದ ಕಡ್ಡಿ.
ಒದ್ದೆ ಕಾಲುಚೀಲದಲ್ಲಿ ಸುತ್ತಿ,
ಎರಡು ರೈಲು, ಮೂರು ಬಸ್ಸು.
"ವಿಲೋ," ಅಂದ. "ಅಲ್ಲಿಯವರು ಚಾಂಗ್ಮಾ ಅಂತಾರೆ.
ಆರು ತಿಂಗಳು ಕರ್ರಗೆ ನಿಂತಿರುತ್ತದೆ ಅಕ್ಕ,
ಸತ್ತಿದೆಯೆಂದು ನಾವು ಅದರ ಮೇಲೇ ಕಾಲುಚೀಲ ಒಣಗಿಸುತ್ತೇವೆ.
ಒಂದು ಬೆಳಿಗ್ಗೆ ನೋಡಿದರೆ ಮೈಯೆಲ್ಲ ಬೆಕ್ಕಿನ ಕಿವಿ."

ನೆಡುವುದು ಸುಲಭ. ನೀರಲ್ಲಿಟ್ಟ ಒಂಬತ್ತನೇ ದಿನ
ಬಿಳಿ ಬೇರು, ಹಾಲುಹಲ್ಲು ಮೂಡಿದಂತೆ.
ಒರತೆ ಹರಿದುಹೋಗುವ ಇಳಿಜಾರಲ್ಲಿ ಊರಿದೆ.
ಕಾಲು ಒದ್ದೆಯಿರಬೇಕು, ಕೊಳೆಯಬಾರದು;
ನೆತ್ತಿಗೆ ಬಿಸಿಲು ಬೇಕು, ಸೆಕೆ ಆಗದು;
ಮಣ್ಣು ಮರಳೋ ಕಲ್ಲೋ, ತಕರಾರಿಲ್ಲ,
ಗೊಬ್ಬರ ಹೆಚ್ಚಾದರೆ ಮಾತ್ರ ಸೋಮಾರಿಯಾಗಿ ಉದ್ದ ಬೆಳೆಯುತ್ತದೆ.
ಇಷ್ಟನ್ನು ರಿಜಿಸ್ಟರಿನ ಕೊನೇ ಹಾಳೆಯಲ್ಲಿ ಬರೆದೆ,
ತೂಕದ ಕಾಲಂ ಹೊಡೆದುಹಾಕಿ, ಎತ್ತರ ಉಳಿಸಿ.

ಮೊದಲ ಮಳೆಗಾಲ. ಎಲೆಯೋ ಎಲೆ.
ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿ,
ಗಾಳಿ ಬೀಸಿದಾಗೆಲ್ಲ ಗಿಡಕ್ಕೆ ಕ್ಷಣ ಹೊತ್ತು ನರೆ.
ಆಗಸ್ಟಿಗೆ ಕಿತ್ತಳೆ ಚುಕ್ಕೆ, ತುಕ್ಕುರೋಗ.
ಕತ್ತರಿಸಿದೆ, ಸುಟ್ಟೆ, ಮತ್ತೆ ಚಿಗುರಿತು.
ನವೆಂಬರ್ ಹೋಯಿತು, ಹುತ್ತರಿ ಹೋಯಿತು,
ಎಲೆ ಉದುರಲೇ ಇಲ್ಲ.
ನಿದ್ದೆಗೆ ಹಟ ಹಿಡಿದು, ಕಣ್ಣು ಕೆಂಪಾಗಿ
ದೀಪದ ಕಡೆಗೇ ನೋಡುವ ಮಗು.

ನಮ್ಮ ಚಳಿಗೆ ಒಂದು ಕಂಬಳಿ ಸಾಕು.
ಇದಕ್ಕೆ, ಮಲಗು ಎಂದು ಗದರುವ ಚಳಿ ಬೇಕು.
ಹಾಗೆ ಶುರುವಾಯಿತು ಈ ಗುರುವಾರದ ಕಳ್ಳತನ.
ಸಾಲದೆಂದು ಗೊತ್ತು.
ಸುಡುವ ಹಣೆಗೆ ಒದ್ದೆ ಬಟ್ಟೆ ಹಾಕುವಾಗಲೂ
ಸಾಲದೆಂದು ಗೊತ್ತಿರುತ್ತದೆ.
ಜ್ವರ ಅಂದಾಗ ನೆನಪಾಯಿತು, ತರಬೇತಿಯಲ್ಲಿ ಹೇಳಿದ್ದರು,
ನೋವಿನ ಮಾತ್ರೆ ಇದರ ತೊಗಟೆಯ ಮೊಮ್ಮಗಳು.
ಒಂದು ಚೂರು ಕಚ್ಚಿ ನೋಡಿದೆ. ಕಹಿ.
ಔಷಧಿ ಕಪಾಟಿನ ಬಾಗಿಲು ನಾಲಗೆಯ ಮೇಲೆ ತೆರೆದಂತೆ.

ಕೆಳಗೆ ಹೊಳೆದಂಡೆಯಲ್ಲಿ ನೀರಂಜಿ ಇದೆ,
ಇದರದೇ ಕುಲ, ಇಲ್ಲಿಯದೇ ಮರ.
ಬುಡ ಮುಳುಗಿದರೂ ನಿಶ್ಚಿಂತೆ,
ಹಿಮವನ್ನು ಕಂಡಿಲ್ಲ, ಕೇಳಿಲ್ಲ, ಕೊರಗಿಲ್ಲ.
ಲಸಿಕೆಗೆ ಬಂದ ಪಾರು, ಮೂರನೇ ಕೂಸು ಸೊಂಟದಲ್ಲಿ,
ಎರಡನ್ನೂ ಬಲ್ಲವಳಂತೆ ನಕ್ಕಳು:
"ಅಂಗಿ ಬಿಚ್ಚದೆ ಯಾರಾದರೂ ಮಲಗುತ್ತಾರಾ ಸಿಸ್ಟರೇ?"

ಅವತ್ತೇ ಸಂಜೆ ಎಲೆಗಳನ್ನು ಕೈಯಾರೆ ಕಿತ್ತೆ,
ಒಂದೊಂದಾಗಿ,
ಮಲಗುವ ಮುನ್ನ ಸ್ವೆಟರಿನ ತೋಳು ಎಳೆಯುವ ಹಾಗೆ.
ಉಳಿದದ್ದು ಹಳದಿ ಕಡ್ಡಿಗಳು.
ಆ ವಾರ ಗಾಳಿ ತನ್ನ ಬೀಡಿಗೆ ವಾಪಸು ಬಂದಿತ್ತು.
ಬೆಳಗಿನ ಥರ್ಮಾಮೀಟರು ಏಳು.
ನಾನು ಎರಡು ಸಲ ಒರೆಸಿ ನೋಡಿದೆ.

ಫೆಬ್ರವರಿ ಕೊನೆಗೆ, ಕಾಫಿ ಮೊಗ್ಗು
ಹೂಮಳೆಗೆ ಇನ್ನೂ ಕಾಯುತ್ತಿದ್ದಾಗ,
ಒಂದು ಕೊಂಬೆಯ ತುದಿಯಲ್ಲಿ ಬೂದು ತುಪ್ಪಳ.
ಒಂದೇ ಒಂದು.
ನಾಲ್ಕನೇ ದಿನ ಹೆಬ್ಬೆಟ್ಟಿಗೆ ಹಳದಿ ಪುಡಿ.
ಈ ಕುಲದಲ್ಲಿ ಗಂಡು ಬೇರೆ ಗಿಡ, ಹೆಣ್ಣು ಬೇರೆ ಗಿಡ;
ಒಂದು ಕಡ್ಡಿ ತಂದವನು ಒಬ್ಬನನ್ನೇ ತಂದಿದ್ದಾನೆ.

ಫೋನು ಮೂರನೇ ಸಲಕ್ಕೆ ಸಿಕ್ಕಿತು.
"ಗಂಡು," ಅಂದೆ,
ಹೆರಿಗೆ ಕೋಣೆಯ ಬಾಗಿಲು ಸರಿಸಿ ಹೇಳುವ ದನಿಯಲ್ಲೇ.
ಆ ಕಡೆ ಬರೀ ಗಾಳಿ. ಆಮೇಲೆ ಉತ್ತಯ್ಯ:
"ತೂಕ ಎಷ್ಟು?"

ನಗುತ್ತ ತಿರುಗಿದರೆ ಒಂದು ಜೇನು,
ಕಾಲಿಗೆ ಹಳದಿ ಮೆತ್ತಿಕೊಂಡು,
ಇಳಿಜಾರು ಹಿಡಿದು ಹೊಳೆಯ ಕಡೆಗೆ ಹಾರಿತು.
ನೀರಂಜಿ ಹೂ ಬಿಟ್ಟಿದೆಯೋ ಇಲ್ಲವೋ, ಹೋಗಿ ನೋಡಿಲ್ಲ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.